ದೊಡ್ಡ ದೇವರುಗಳ ಉಂಗುರ

ಬಿದಿಗೆ, ಬೆಳಿಗ್ಗೆ

ಇವತ್ತೂ ಗಾಳಿ ತಿರುಗಿಲ್ಲ. ತಿರುಗದಿದ್ದರೇ ಚೆನ್ನ. ಮದುವೆಯಾಗಿ ಇನ್ನೂ ತಿಂಗಳಾಗಿಲ್ಲ, ಸಮೊತ್ರಾಕೆ ದ್ವೀಪದಲ್ಲಿ ಸಿಕ್ಕಿಬಿದ್ದಿದ್ದೇವೆ... ಎಂಥ ಸುಖದ ಸೆರೆ. ಥಿಯೋನ್ ತಾವೇ ಅಂಜೂರ ಸುಲಿದು ನನ್ನ ಬಾಯಿಗಿಡುತ್ತಾರೆ. ಇಡೀ ಲೋಕದಲ್ಲಿ ಇಂಥ ಗಂಡ ಇನ್ನೊಬ್ಬನಿಲ್ಲ.

ಇವರ ಹಡಗು ಲೆಮ್ನೋಸ್ ದ್ವೀಪಕ್ಕೆ ಹೊರಡುವ ಮುನ್ನ ಇಬ್ಬರೂ ಇಲ್ಲಿನ ದೊಡ್ಡ ದೇವರುಗಳ ದೀಕ್ಷೆ ಪಡೆಯಬೇಕು. ಆ ದೇವರುಗಳ ಹೆಸರು ಬರೆಯುವಂತಿಲ್ಲ. ದೀಕ್ಷೆಯಾದವರಿಗೆ ಕಬ್ಬಿಣದ ಉಂಗುರ ಕೊಡುತ್ತಾರೆ. ಅದು ಬೆರಳಲ್ಲಿದ್ದರೆ ಸಮುದ್ರ ಮುಳುಗಿಸುವುದಿಲ್ಲ.

ತದಿಗೆ

ನನ್ನದಾಯಿತು. ಒಳಗೆ ಕಂಡದ್ದನ್ನು ಈ ಮೇಣದ ಹಲಗೆಗೂ ಹೇಳಲಾರೆ. ಬಾಗಿಲಲ್ಲಿ ಪೂಜಾರಿ ಕೇಳುವುದು ಮಾತ್ರ ಊರಿಗೆಲ್ಲ ಗೊತ್ತು — ನೀನು ಮಾಡಿದ ಅತಿ ಕೆಟ್ಟ ಕೆಲಸ ಯಾವುದು? ತಂಗಿಯ ಹೊಸ ಚಪ್ಪಲಿಯನ್ನು ಬಾವಿಗೆ ಎಸೆದದ್ದನ್ನು ಹೇಳಿದೆ. ಅವರಿಗೂ ನಗು ಬಂತು.

ಮನೆಗೆ ಬಂದು ಹೇಳಿದರೆ ಇವರು ನಗಲಿಲ್ಲ. "ಸುಳ್ಳು ಹೇಳಿದ್ರೆ ಗೊತ್ತಾಗುತ್ತಾ?"

"ದೇವರ ಹತ್ರ ಯಾರ್ರೀ ಸುಳ್ಳು ಹೇಳ್ತಾರೆ?"

ಪಂಚಮಿ

ನಿನ್ನೆ ಬರೆಯಲಾಗಲಿಲ್ಲ. ದೀಕ್ಷೆಗೆ ಹೋದ ಇವರು ಬಾಗಿಲಿಂದಲೇ ವಾಪಸು. ಬೆರಳು ಬರಿದು. ಊಟವೂ ಬೇಡವೆಂದರು.

ನಾವು ಇಳಿದುಕೊಂಡ ಮನೆಯ ಮುದುಕಿ ಗ್ಲೈಕೆ ಈರುಳ್ಳಿ ಹೆಚ್ಚುತ್ತಾ ಅಂದಳು: "ನಿನ್ನ ಗಂಡ ಹೋದ ವರ್ಷಾನೂ ಹೀಗೇ ಬರಿಗೈಲಿ ವಾಪಸು ಬಂದ. ಜೊತೇಲಿದ್ದ ಹುಡುಗಿಗೆ ಉಂಗುರ ಆಯ್ತು. ಅವಳೂ ನಿನ್ನ ಹಾಗೇ ವಟವಟ ಅಂತಿದ್ಲು."

ಫಿಲಿನ್ನಾ. ಇವರ ಮೊದಲ ಹೆಂಡತಿ. ಹಡಗು ಒಡೆದು ಮುಳುಗಿದಳು, ಇವರೊಬ್ಬರೇ ಉಳಿದರು ಎಂದು ಅಪ್ಪನಿಗೆ ಹೇಳಿದ್ದರು.

"ಉಂಗುರ ಇದ್ದವಳು ಹೇಗೆ ಮುಳುಗ್ತಾಳೆ ಅಜ್ಜಿ?"

"ಗಂಡನ್ನೇ ಕೇಳು ತಾಯಿ. ನಾನು ಬಾಡಿಗೆ ತಗೊಳ್ಳೋಳು."

ಕೇಳಲಿಲ್ಲ.

ಷಷ್ಠಿ

ಗಾಳಿ ತಿರುಗಿತು. ಮಧ್ಯಾಹ್ನ ಹೊರಡುವುದು. ಬೆಳಿಗ್ಗೆಯಿಂದ ಇವರದು ಬಹಳ ಮುದ್ದು. ನನ್ನ ಬೆರಳು ಸವರುತ್ತಾ, "ಇದನ್ನ ನನಗೆ ಕೊಡು ಕಣೆ. ಚುಕ್ಕಾಣಿ ಹತ್ರ ನಿಲ್ಲೋನು ನಾನು. ನೀನು ಒಳಗೆ ಬೆಚ್ಚಗೆ ಕೂತಿರ್ತೀಯ" ಅಂದರು.

"ಒಬ್ಬರ ಉಂಗುರ ಇನ್ನೊಬ್ಬರನ್ನ ಕಾಯುತ್ತಾ?"

"ಕಾಯುತ್ತೆ. ನೋಡಿದೀನಿ."

ಅಂದವರೇ ಮುಖ ತಿರುಗಿಸಿದರು. ಆಮೇಲೆ ಫಿಲಿನ್ನಾಳ ಉಂಗುರ ಏನಾಯಿತು ಎಂದು ಕೇಳುವ ಧೈರ್ಯವಿಲ್ಲ. ಬೆರಳು ಊದಿದೆ, ಬರುತ್ತಿಲ್ಲ ಎಂದು ಸುಳ್ಳು ಹೇಳಿದೆ. ಎಣ್ಣೆ ತರುತ್ತೇನೆಂದು ಹೋದರು.

ಗ್ಲೈಕೆ ಅಜ್ಜಿಯನ್ನು ಕೂಗಿದೆ. ಓಗೊಡಲಿಲ್ಲ. ಇರುವುದು ಒಂದೇ ಬಾಗಿಲು.

ಕಿಟಕಿಯಿಂದ ಕಾಣುತ್ತಿದ್ದಾರೆ. ಅಂಗಳ ದಾಟುತ್ತಿದ್ದಾರೆ. ಒಂದು ಕೈಯಲ್ಲಿ ಎಣ್ಣೆಯ ಕುಡಿಕೆ. ಇನ್ನೊಂದು ಕೈಯನ್ನು ಬೆನ್ನ ಹಿಂದೆ ಯಾಕೆ ಇಟ್ಟು—