ಎರಡು ಸಲ ಬಾಗಿಲು ತಟ್ಟುವವರು

ಪ್ಲಮ್ ಕ್ರೀಕ್, ದಕ್ಷಿಣ ಡಕೋಟಾ
ಫೆಬ್ರವರಿ 9, ಭಾನುವಾರ ಮಧ್ಯಾಹ್ನ

ಪ್ರೀತಿಯ ಡೆಲ್ಫೀನ್ ಅಕ್ಕ,

ಅಮ್ಮನ ಕಾಲು ಕೊಳೆಯುತ್ತಿದೆ ಎಂದು ಎಮರಿ ಭಾವ ಹೇಳಿದ್ದರು. ನನಗೇ ಹೇಳಿದ್ದರು. ಇದೊಂದನ್ನು ಬಿಟ್ಟು ಉಳಿದದ್ದೆಲ್ಲ ಬರೆದು ಕಾಗದ ಮುಗಿಸಬೇಕೆಂದಿದ್ದೆ. ಹಾಗೆ ಬರೆದ ಎರಡು ಹಾಳೆ ಬೆಳಿಗ್ಗೆ ಒಲೆಗೆ ಹೋದವು.

ಫೋನಿನಲ್ಲಿ ಹೇಳಬಹುದಿತ್ತು. ಮೂರು ಸಲ ಮಾಡಿದೆ. ಮೂರು ಸಲವೂ ನೀನು ಮೊದಲು ಕೇಳಿದ್ದು ಒಂದೇ: "ಅವರ ಪರವಾಗಿ ಮಾತಾಡೋಕೆ ಮಾಡಿದ್ಯಾ?" ನಾನು ಇಲ್ಲ ಅಂದೆ. ಆಮೇಲೆ ನೀನು ನನ್ನ ನಂಬರನ್ನೇ ತಡೆದುಬಿಟ್ಟೆ. ಅದಕ್ಕೆ ಈ ಕಾಗದ. ಮಿನಿಯಾಪೊಲಿಸ್‌ಗೆ ತುರ್ತು ಅಂಚೆ ಎರಡು ದಿನದಲ್ಲಿ ಹೋಗುತ್ತದಂತೆ. ಹೋಗಲೇಬೇಕು. ಮೊಣಕಾಲಿನ ಕೆಳಗೆ ತೆಗೆಯದಿದ್ದರೆ ನಂಜು ರಕ್ತಕ್ಕೆ ಏರುತ್ತದೆ, ಈ ಶುಕ್ರವಾರಕ್ಕಿಂತ ಆಚೆ ಕಾಯಲಾಗುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಅಮ್ಮ ಆಸ್ಪತ್ರೆಗೆ ಹೊರಡುವುದಿಲ್ಲ ಎಂದು ಕೂತಿದ್ದಾಳೆ.

ಮೊದಲಿನಿಂದ ಹೇಳುತ್ತೇನೆ. ಅಕ್ಟೋಬರಿನಲ್ಲಿ ನಮ್ಮ ಆರೋಗ್ಯ ಯೋಜನೆಯವರು ಕಾರ್ಯಕರ್ತೆಯರಿಗೆಲ್ಲ ಹೊಸ ಫಾರಂ ಕೊಟ್ಟರು. ಸಕ್ಕರೆ ಕಾಯಿಲೆಯವರ ಪಾದವನ್ನು ಮನೆಯಲ್ಲಿ ದಿನವೂ ನೋಡುವವರು ಯಾರು ಅಂತ ಅದರಲ್ಲಿ ಒಂದು ಪ್ರಶ್ನೆ. ಅಮ್ಮನ ಹಾಳೆಯಲ್ಲಿ ನಾನು ಭಾವನ ಹೆಸರು ಬರೆದೆ. ನೀನು ಕೆಲಸಕ್ಕೆಂದು ಮಿನಿಯಾಪೊಲಿಸ್ ಸೇರಿದ ಮೇಲೆ ಆ ಮನೆಯಲ್ಲಿ ಅಮ್ಮನ ಜೊತೆ ಇದ್ದವರು ಅವರೊಬ್ಬರೇ. ನಮ್ಮ ಬುಡಕಟ್ಟಿನಲ್ಲಿ ಅಳಿಯ ಅತ್ತೆಯ ಮುಖ ನೋಡುವುದಿಲ್ಲ, ನೇರ ಮಾತಾಡುವುದಿಲ್ಲ, ಅದು ಅವರು ಆಕೆಗೆ ಕೊಡುವ ಮರ್ಯಾದೆ. ಮುಖವನ್ನೇ ನೋಡದವರು ಪಾದ ಹಿಡಿದು ನೋಡುವರೇ? ಇದು ನನಗೆ ಗೊತ್ತಿರಲಿಲ್ಲವೆಂದು ಹೇಗೆ ಹೇಳಲಿ? ಏಳು ವರ್ಷ ಹಾಸ್ಟೆಲಿನಲ್ಲಿದ್ದು ಇಂಗ್ಲಿಷ್ ಓದಿದವಳು ನಾನು. ಖಾಲಿ ಬಿಟ್ಟ ಜಾಗವೆಂದರೆ ನನಗೆ ಅಂದಿನಿಂದಲೂ ಹೆದರಿಕೆ. ಯಾವುದಾದರೂ ಹೆಸರು ತುಂಬಿದರೆ ಪಾಠ ಒಪ್ಪಿಸಿದಂತೆ.

ವಾರವಾರ ನಾನೂ ಹೋಗುತ್ತಿದ್ದೆ. ಅಮ್ಮ ಒಲೆಯ ಹತ್ತಿರ ಕಾಲು ಚಾಚಿ ಕೂತಿರುತ್ತಿದ್ದಳು. "ಕಾಲುಚೀಲ ಬಿಚ್ಬೇಡ ಕಣೆ, ಚಳಿ. ಬಂದ್ಮೇಲೆ ಕಾಫಿ ಕುಡಿ, ಮಗಳ ಥರ ಇರು," ಅನ್ನುತ್ತಿದ್ದಳು. ನಾನು ಮಗಳಾಗಿ ಕಾಫಿ ಕುಡಿದೆ. ಕಾರಿಗೆ ಬಂದು ಆರೋಗ್ಯ ಕಾರ್ಯಕರ್ತೆಯಾಗಿ 'ಪಾದ ನೋಡಲಾಗಿದೆ' ಎಂದು ಗುರುತು ಹಾಕಿದೆ. ಹನ್ನೊಂದು ವಾರ, ಅಕ್ಕ. ಒಲೆಯ ಕಬ್ಬಿಣ ತಾಗಿ ಹಿಮ್ಮಡಿ ಸುಟ್ಟದ್ದು ಅವಳಿಗೇ ತಿಳಿದಿರಲಿಲ್ಲ. ಆ ಕಾಲಿನಲ್ಲಿ ನೋವು ಸತ್ತು ಎಷ್ಟು ಕಾಲವಾಗಿತ್ತೋ.

ಮೊದಲ ಹಿಮ ಬಿದ್ದ ವಾರ ಭಾವ ನನ್ನ ಕಾರಿನ ಹತ್ತಿರ ಬಂದು ನಿಂತರು. "ಡಾಕ್ಟ್ರಮ್ಮ, ನಿಮ್ಮ ಯೋಜನೆಗೆ ನಮ್ಮನೆ ನಾಯಿನ ಸೇರಿಸ್ಕೊ. ಮೂರು ದಿನದಿಂದ ಒಂದೇ ಕಾಲುಚೀಲ ಮೂಸ್ತಾ ಕೂತಿದೆ. ನಿನ್ನ ಮೂಗಿಗಿಂತ ಅದರದ್ದೇ ವಾಸಿ," ಅಂದರು.

ನಾನು ಅಂದೆ, "ನಿಮಗಿಂತ ಅದೇ ಒಳ್ಳೆ ಅಳಿಯ ಬಿಡಿ ಭಾವ. ಅದಕ್ಕಾದ್ರೂ ಅತ್ತೆ ಕಾಲು ಕಾಣತ್ತೆ."

ಇಬ್ಬರೂ ನಕ್ಕೆವು. ಭಾವ ನಾದಿನಿ ಎದುರಾದರೆ ಒಬ್ಬರ ಕಾಲನ್ನೊಬ್ಬರು ಎಳೆಯಲೇಬೇಕು, ನಮ್ಮಲ್ಲಿ ಅದೂ ಮರ್ಯಾದೆಯೇ. ಇಪ್ಪತ್ತು ವರ್ಷದಲ್ಲಿ ಅವರು ನನ್ನೊಡನೆ ನೆಟ್ಟಗೆ ಒಂದು ಮಾತಾಡಿದ್ದಿಲ್ಲ. ಆ ದಿನ ಅವರು ನಕ್ಕ ಮೇಲೂ ಹೋಗದೆ, ಕಾರಿನ ಬಾಗಿಲಿಗೆ ಕೈಯಿಟ್ಟು ನಿಂತೇ ಇದ್ದರು. ನಾನು ಗಾಡಿ ಹೊರಡಿಸಿದೆ. ನಾಯಿಯ ಮಾತಿನಲ್ಲೇ ಅವರು ಹೇಳಬೇಕಾದ್ದನ್ನು ಹೇಳಿಯಾಗಿತ್ತು; ಆ ಕೈ ಈಗ ದಿನಾ ಕಣ್ಣ ಮುಂದೆ ಬರುತ್ತದೆ.

ಜನವರಿಯಲ್ಲಿ ಕ್ಲಿನಿಕ್ಕಿನಲ್ಲಿ ಕಾಲುಚೀಲ ಬಿಚ್ಚಿದಾಗ ಮೂಳೆ ಕಾಣುತ್ತಿತ್ತು. ನೀನು ರಾತ್ರಿಯೆಲ್ಲ ಗಾಡಿ ಓಡಿಸಿಕೊಂಡು ಬಂದೆ. "ನೋಡಬಾರದು, ಸರಿ. ಹೇಳಬಾರದು ಅಂತ ಯಾವ ಅಜ್ಜ ಹೇಳಿದ್ದ? ಬಾಯಿ ಇರ್ಲಿಲ್ವಾ ನಿಮಗೆ?" ಎಂದು ಎಲ್ಲರ ಮುಂದೆ ಕೇಳಿದೆ. ಭಾವ ನೆಲ ನೋಡುತ್ತ, "ಗೊತ್ತಿತ್ತು. ಯಾರಿಗೂ ಹೇಳ್ಲಿಲ್ಲ," ಅಂದರು. ನೀನು ಉಂಗುರ ತೆಗೆದು ಕುರ್ಚಿಯ ಮೇಲಿಟ್ಟು ಹೊರಟುಹೋದೆ. ಅವರಿರುವ ಮನೆಗೆ ಕಾಲಿಡುವುದಿಲ್ಲ ಅಂದೆ. ಆ ಉಂಗುರ ನನ್ನ ಹತ್ತಿರವಿದೆ.

ನೀನು ಬರಲಿ ಎಂದು ಭಾವ ಮನೆ ಬಿಟ್ಟು ಅವರ ತಮ್ಮನ ಮನೆ ಸೇರಿದ್ದಾರೆ. ಈಗ ಆಗಿರುವುದು ಇಷ್ಟು. ದಿನಾ ಬೆಳಿಗ್ಗೆ ಅವರು ಕಾಫಿ ಇಟ್ಟು, ಅಮ್ಮನ ಕೋಣೆಯ ಬಾಗಿಲನ್ನು ಎರಡು ಸಲ ತಟ್ಟಿ, ಹೊರಗೆ ಸೌದೆ ಒಡೆಯಲು ಹೋಗುತ್ತಿದ್ದರಲ್ಲ, ಅಮ್ಮ ಆಮೇಲೆ ಎದ್ದು ಬರುತ್ತಿದ್ದಳು. ಈಗ ತಟ್ಟುವವರಿಲ್ಲ. ನಾನು ಕಾಫಿ ತಂದರೆ ಮುಟ್ಟುವುದಿಲ್ಲ. ನಿನ್ನೆ ಜ್ವರದಲ್ಲೇ ಅವರ ಕೈಗವಸಿಗೆ ತೇಪೆ ಹಾಕುತ್ತಿದ್ದಳು. "ನನ್ನ ಕಾಲಿಂದ ಮಗಳ ಸಂಸಾರ ಮುರೀತು. ಆ ಕಾಲು ಕಡಿಸ್ಕೊಂಡು ನಾನು ಬದುಕ್ಬೇಕಾ? ಅವರು ಬಾಗಿಲು ತಟ್ಲಿ, ಆಮೇಲೆ ಗಾಡಿ ತನ್ನಿ," ಅಂದಳು.

ಭಾವ ನನಗೆ ಮೊದಲೇ ಹೇಳಿದ್ದರೆಂಬ ನಿಜವನ್ನು ಅವಳಿಗೆ ಹೇಳಿದೆ. "ನನಗೆ ಹೇಳಿ ಏನ್ ಬಂತು? ಯಾರಿಗೆ ಹೇಳ್ಬೇಕೋ ಅವಳಿಗೆ ಹೇಳು," ಅಂದಳು. ಬೈಯಲೂ ಇಲ್ಲ.

ಭಾವನನ್ನು ಕರೆಯಲು ಹೋದೆ. "ನೀನು ಕರೆದ್ರೆ ನಗು ಬರತ್ತೆ. ನಿನ್ನ ಅಕ್ಕ ಕರೆದ್ರೆ ಬರ್ತೀನಿ," ಅಂದರು. ನಗಲಿಲ್ಲ. ಇಪ್ಪತ್ತು ವರ್ಷದಲ್ಲಿ ನನ್ನೊಡನೆ ಮಾತಾಡುವಾಗ ಅವರ ಮುಖವನ್ನು ನಗುವಿಲ್ಲದೆ ನಾನು ನೋಡಿದ್ದು ಅದೇ ಮೊದಲು.

ಅಕ್ಕ, ನನ್ನನ್ನು ಕ್ಷಮಿಸಬೇಡ, ಅದಕ್ಕೆ ಈಗ ಸಮಯವೂ ಇಲ್ಲ. ಈ ಕಾಗದ ಕೈಸೇರಿದ ಕೂಡಲೇ ಭಾವನಿಗೆ ಒಂದು ಫೋನ್ ಮಾಡು. ಮನೆಗೆ ಹೋಗಿ ಬಾಗಿಲು ತಟ್ಟಿ ಅಂತ ಅಷ್ಟೇ ಹೇಳು. ಗಾಡಿ ನಾನು ಅಂಗಳದಲ್ಲೇ ನಿಲ್ಲಿಸಿಕೊಂಡಿರುತ್ತೇನೆ.

ನಿನ್ನ ತಂಗಿ,
ಅರ್ಲೆಟ್

ಮರೆತದ್ದು: ಮರೆತದ್ದಲ್ಲ, ಬರೆಯಲು ಕೈ ಬಂದಿರಲಿಲ್ಲ. "ಯಾರಿಗೂ ಹೇಳ್ಲಿಲ್ಲ" ಎಂದು ಭಾವ ಅಂದರಲ್ಲ, ಆ ಮಾತು ನನ್ನದು. ನೀನು ಬಂದು ತಲುಪುವ ಮೊದಲು ಕ್ಲಿನಿಕ್ಕಿನ ಹೊರಗೆ ಕಾರಿನಲ್ಲಿ ಅವರ ಮುಂದೆ ಅತ್ತು, ಹಾಗೆ ಹೇಳಿ ಎಂದು ಬೇಡಿಕೊಂಡೆ. ನಿಜ ತಿಳಿದರೆ ಈ ಊರಿನಲ್ಲಿ ಒಬ್ಬರೂ ನನ್ನೆದುರು ಕಾಲುಚೀಲ ಬಿಚ್ಚುವುದಿಲ್ಲ ಅಂದೆ. ಅವರು, "ಆಯ್ತು ಬಿಡು ಡಾಕ್ಟ್ರಮ್ಮ. ನಾಯಿ ಮೇಲೆ ಹಾಕೋಣ ಅಂದ್ರೆ ಅದು ಒಪ್ಪಲ್ಲ," ಅಂದರು. ಉಂಗುರವನ್ನು ಇದೇ ಲಕೋಟೆಯಲ್ಲಿ ಇಟ್ಟಿದ್ದೇನೆ. ಅಂಚೆ ಕಚೇರಿ ಎಂಟಕ್ಕೆ ತೆರೆಯುತ್ತದೆ. ಅಲ್ಲಿಂದ ನೇರ ನಮ್ಮ ಆಫೀಸಿಗೆ ಹೋಗಿ ಆ ಹನ್ನೊಂದು ಗುರುತುಗಳ ಬಗ್ಗೆಯೂ ಹೇಳುತ್ತೇನೆ. ಅಂಚೆಗೆ ಹಾಕುವುದು ನಾಳೆ, ಫೆಬ್ರವರಿ 10, ಸೋಮವಾರ.