ಮನುವಿನ ಮುಡಿ ಕೊನೆಗೂ ತೆಗೆಸಿದೆವು

ಅಣ್ಣಾ,

ಈ ಕಾಗದ ಎಲ್ಲಿಗೆ ಕಳಿಸಬೇಕೋ ಗೊತ್ತಿಲ್ಲ, ಆದರೂ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳುವ ಹಾಗಿದ್ದರೆ ಒಂದೇ ಉಸಿರಿಗೆ ಹೇಳಿ ಮುಗಿಸುತ್ತಿದ್ದೆ. ನೀನು ಎಂದಿನ ಹಾಗೆ, "ಒಸಿ ಮೆಲ್ಲುಕ್ ಹೇಳವ್ವಾ ಮಂಜಿ, ಯಾರೂ ಓಡ್ಸ್ಕೊಂಡ್ ಬತ್ತಾ ಇಲ್ಲ" ಅನ್ನುತ್ತಿದ್ದೆ. ಹೋದ ತಿಂಗಳು ನನ್ನ ಮಗನ ಮುಡಿ ತೆಗೆಸಿದೆವು. ಹೌದು, ನೀನಿಲ್ಲದೆ. ಅವನನ್ನು ಯಾರ ತೊಡೆಯ ಮೇಲೆ ಕೂರಿಸಿದೆವು ಅನ್ನುವುದನ್ನು ನಿನಗೆ ಹೇಳಬೇಕು. ಅದಕ್ಕೂ ಮೊದಲು ನಾನು ಮಾಡಿದ ಒಂದು ತಪ್ಪನ್ನೂ ಹೇಳಬೇಕು. ಬೈಯುವುದಿದ್ದರೆ ಪೂರ್ತಿ ಓದಿದ ಮೇಲೆ ಬೈಯಿ.

ಮನು ಮೊದಲ ಸಲ ಬೋರಲು ಬಿದ್ದ ದಿನ ನೆನಪಿದೆಯಾ? ನಾನು ಬಿಡದಿಯಿಂದ ಫೋನ್ ಮಾಡಿದಾಗ ನೀನು ಸೋಲೂರಿನ ಅಂಗಡಿಯಲ್ಲಿ ಯಾರದೋ ಬೋರ್‌ವೆಲ್ ಮೋಟರು ಬಿಚ್ಚಿ ಹರಡಿಕೊಂಡು ಕೂತಿದ್ದೆ. ಅದನ್ನು ಹಾಗೇ ಬಿಟ್ಟು, ಅತ್ತಿಗೆಯನ್ನೂ ಹೊರಡಿಸಿಕೊಂಡು, ಮಾಗಡಿಯಲ್ಲಿ ಬಸ್ಸು ಬದಲಾಯಿಸಿ, ಸಂಜೆಗೆ ನಮ್ಮ ಬಾಗಿಲಲ್ಲಿ ನಿಂತಿದ್ದೆ. ಆ ಹೊತ್ತಿಗೆ ಮಗು ನಿದ್ದೆ ಹೋಗಿತ್ತು. ಎದ್ದ ಮೇಲೂ ಎಷ್ಟು ಪುಸಲಾಯಿಸಿದರೂ ಮಗುಚಲಿಲ್ಲ. "ಮೋಸ ಕಣವ್ವಾ, ನಿನ್ ಮಗ ನಿನ್ನಂಗೇ ಹಟಮಾರಿ" ಅಂದೆ. ಆಮೇಲೆ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಅವನನ್ನು ತೊಡೆಯ ಮೇಲಿಟ್ಟುಕೊಂಡು, ಬಾಚಣಿಗೆಯಲ್ಲಿ ತಲೆ ಬೋಳಿಸುವ ಆಟವಾಡಿದೆ. "ಮುಡಿ ತೆಗೆಯಾವಾಗ ಇದೇ ತೊಡೆ ಮೇಲ್ ಕೂರ್ಬೇಕು ಕಣ್ಲಾ, ಈಗ್ಲೇ ಹೇಳಿವ್ನಿ." ರತ್ನತ್ತಿಗೆ ನಕ್ಕು, "ಇವ್ರಿಗೆ ಅರ್ಧ ಗಂಟೆ ಕೂತ್ರೆ ಕಾಲು ಜೋಮು ಹಿಡೀತದೆ, ಮಗೂನ ಬೀಳಿಸ್ಬುಟ್ಟಾರು" ಅಂದಿದ್ದಳು. ನಿಮಗೆ ಮಕ್ಕಳಾಗಲಿಲ್ಲ. ಮನು ಹುಟ್ಟಿದ ಮೇಲೆ ಆ ಮಾತನ್ನು ನೀವಿಬ್ಬರೂ ಎತ್ತಿದ್ದು ನಾನು ಕೇಳಿಲ್ಲ.

ಮೊದಲ ಹಲ್ಲು ಬಂದದ್ದು ಎಂಟನೇ ತಿಂಗಳಲ್ಲಿ, ಮೇಲಿನ ಒಸಡಿನಲ್ಲಿ. ನೋಡಿದ ಕೂಡಲೇ ನಮ್ಮತ್ತೆಯ ಮುಖ ಸಪ್ಪಗಾಯಿತು. ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಆಗಿಬರುವುದಿಲ್ಲವಂತೆ. ನೀನು ಬಂದು ಎಣ್ಣೆ ಬಟ್ಟಲಲ್ಲಿ ಮುಖ ನೋಡಿಕೊಂಡು, ಆಮೇಲೆ ಮಗುವಿನ ಮುಖ ನೋಡಬೇಕಂತೆ. ಫೋನಿನಲ್ಲಿ ಹೇಳಿದರೆ ನೀನು ಬಿದ್ದು ಬಿದ್ದು ನಕ್ಕೆ. "ಆ ಎಣ್ಣೆಲಿ ನಾಕು ಬೋಂಡ ಕರ್ದಿಡಿ, ಬತ್ತೀನಿ" ಅಂದೆ. ಬಂದೆ, ಬೋಂಡ ತಿಂದೆ, ಎಣ್ಣೆ ಬಟ್ಟಲು ಮಾತ್ರ ಮುಟ್ಟಲಿಲ್ಲ. ಮಗುವಿನ ಬಾಯಿಗೆ ಬೆರಳಿಟ್ಟು ಕಚ್ಚಿಸಿಕೊಂಡು, "ಗಟ್ಟಿ ಅವ್ನೆ" ಅಂದೆ.

ಅದಾಗಿ ಒಂದು ತಿಂಗಳಿಗೆ ನೀನು ಹೋದೆ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು, ಸ್ಟೂಲಿನ ಮೇಲೆ ಕೂತು, ಕೂತ ಹಾಗೇ... ಹೃದಯ ಅಂದರು ಡಾಕ್ಟರು. ಹನ್ನೊಂದನೇ ದಿನ ಎಲೆ ಹಾಕಿದ ಜಾಗದಲ್ಲಿ ಮಾತ್ರ ಹಲ್ಲು ಅಂದರು. ಪಿಸುಪಿಸು ಅಂದದ್ದೇ, ಆದರೆ ನನಗೆ ಕೇಳಿಸುವಷ್ಟು. "ಮಾವನ್ನ ತಿಂದ್ಕೊಂಡ ಕೂಸು." ಒಂಬತ್ತು ತಿಂಗಳ ಮಗು ಅಣ್ಣಾ, ನನ್ನ ಸೊಂಟದ ಮೇಲೆ ಕೂತು ನಿನ್ನ ಫೋಟೋದ ಹೂವಿಗೆ ಕೈ ಚಾಚುತ್ತಿತ್ತು. ಅತ್ತಿಗೆ ಅಲ್ಲೇ ಗೋಡೆಗೊರಗಿ ಕೂತಿದ್ದಳು. ಅವಳಿಗೂ ಆ ಮಾತು ಕೇಳಿಸಿತೋ ಇಲ್ಲವೋ, ಕೇಳಿಸಿದ್ದರೆ ನಂಬಿದಳೋ ಏನೋ ಅನ್ನುವ ಭಯ ಅವತ್ತು ನನ್ನೊಳಗೆ ಹೊಕ್ಕಿತು.

ಇನ್ನು ನನ್ನ ತಪ್ಪು. ಮೊದಲ ವರ್ಷದ ಹುಟ್ಟುಹಬ್ಬಕ್ಕೆ ಅತ್ತಿಗೆ ಒಬ್ಬಳೇ ಬಸ್ಸು ಹತ್ತಿಕೊಂಡು ಬಂದಳು. ನೀನು ಮೊದಲೇ ಹೇಳಿ ಮಾಡಿಸಿಟ್ಟಿದ್ದ ಬೆಳ್ಳಿ ಉಡುದಾರ ಅವಳ ಸೆರಗಿನ ಗಂಟಿನಲ್ಲಿತ್ತು. ಮಗುವನ್ನು ಮಣೆಯ ಮೇಲೆ ಕೂರಿಸಿ, ಆರತಿಗೆ ಮುತ್ತೈದೆಯರು ಸೇರುವ ಹೊತ್ತಿಗೆ ಅವಳು ಅದನ್ನು ಬಿಚ್ಚಿಕೊಂಡು ಮುಂದೆ ಬಂದಳು. ನಮ್ಮತ್ತೆ ನನ್ನ ಕಡೆ ನೋಡಿದರು, ಅಷ್ಟೇ. ಬಾಯಿ ಬಿಟ್ಟವಳು ನಾನು. "ಅತ್ತಿಗೆ, ಪಾಯ್ಸ ತಳ ಹತ್ತೀತು, ಒಸಿ ಒಳಗೋಗಿ ನೋಡ್ಕೊ" ಅಂದೆ. ಅತ್ತಿಗೆ ಉಡುದಾರವನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಅದನ್ನು ಪಕ್ಕದ ಮನೆಯಾಕೆ ಕಟ್ಟಿದರು. ಆರತಿ ಮುಗಿಸಿ ಊಟಕ್ಕೆ ಕರೆಯಲು ಹೋದರೆ ಅಡಿಗೆ ಮನೆಯಲ್ಲಿ ಅವಳಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಅವ್ವ ಸುಮ್ಮನೆ ಹೇಳುತ್ತಿದ್ದಳೇ?

ಮನು ಮೊದಲ ಹೆಜ್ಜೆ ಇಟ್ಟದ್ದು ನನ್ನ ಹೊಲಿಗೆ ಮಿಷನ್ನಿನಿಂದ ಬಾಗಿಲವರೆಗೆ, ನಾಲ್ಕೇ ನಾಲ್ಕು ಹೆಜ್ಜೆ. ಯಾರದೋ ಬ್ಲೌಸಿನ ತೋಳು ಅರ್ಧಕ್ಕೆ ಬಿಟ್ಟು ಫೋನು ಹಿಡಿದೆ. ಬೆರಳು ತಾನಾಗಿ ನಿನ್ನ ನಂಬರನ್ನೇ ಒತ್ತಿತು. "ಮೋಟರ್ ಅಂಗಡಿ, ಯೋಳಿ" ಅಂತ ಅತ್ತಿಗೆಯ ಧ್ವನಿ. ಕಟ್ ಮಾಡಿಬಿಟ್ಟೆ. ಅವಳಿಗೆ ನನ್ನ ಹೆಸರು ಕಂಡೇ ಇರುತ್ತದೆ. ತಿರುಗಿ ಮಾಡಲಿಲ್ಲ. ಯಾಕೆ ಮಾಡಬೇಕು ಹೇಳು?

ನಿನಗೆ ಗೊತ್ತಲ್ಲ, ನಮ್ಮಲ್ಲಿ ಮುಡಿ ತೆಗೆಸುವುದು ಬೆಸ ವರ್ಷದಲ್ಲಿ. ಒಂದು ತಪ್ಪಿದರೆ ಮೂರು, ಮೂರು ತಪ್ಪಿದರೆ ಐದು. ಒಂದನೆಯದು ನಿನ್ನ ಸೂತಕದಲ್ಲಿ ಹೋಯಿತು. ಮೂರಕ್ಕೆ ನಮ್ಮನೆಯವರು ದಿನ ನೋಡಿಸಿ, ದೊಡ್ಡಪ್ಪನ ಮಗ ಶಂಕರಣ್ಣನನ್ನು ಕೇಳಿಯೂ ಆಗಿತ್ತು. ಅವನೂ ಸೋದರಮಾವನೇ ತಾನೆ, ಯಾರೂ ತಪ್ಪು ಅನ್ನುತ್ತಿರಲಿಲ್ಲ. ನಾನು ಒಪ್ಪಲಿಲ್ಲ. "ನಮ್ಮಣ್ಣನ ತೊಡೆ ಬಿಟ್ಟು ಬೇರೆಯವರ ತೊಡೆ ಮೇಲೆ ಕೂರಿಸುವುದಿಲ್ಲ" ಅಂತ ಹಟ ಹಿಡಿದೆ. ಕೂದಲು ಬೆಳೆದು ಭುಜ ದಾಟಿತು. ಎರಡು ಜಡೆ ಹಾಕಿ ರಿಬ್ಬನ್ ಕಟ್ಟಿದೆ. ಸಂತೆಯಲ್ಲಿ ಬಳೆಯವಳು ಅವನ ಕೈ ಹಿಡಿದು ಬಳೆ ತೊಡಿಸಿಯೇಬಿಟ್ಟಳು. "ಊರಿಗೆಲ್ಲ ಒಂದ್ ದಾರಿ ಆದ್ರೆ ಎಡವಟ್ಟಿಗೇ ಒಂದ್ ದಾರಿ. ಗಂಡ್ ಕೂಸ್ಗೆ ಜಡೆ ಹಾಕ್ಕೊಂಡು ಎಷ್ಟ್ ದಿನಾಂತ ತಿರುಗ್ಸೀಯೆ?" ಅಂತ ನಮ್ಮತ್ತೆ ದಿನಾ ಒಂದು ಸಲ ಅನ್ನುತ್ತಿದ್ದರು. ತಂಗಿ ಅಂದರೆ ಹೀಗಿರಬೇಕು ಅಂತ ತವರಿನ ಕಡೆಯವರು ಹೊಗಳಿದರು. ಅವರೆದುರು ತಲೆ ತಗ್ಗಿಸುತ್ತಿದ್ದೆ. ಅರ್ಧ ಸುಳ್ಳು ಅಣ್ಣಾ ಅದು. ಮುಡಿ ಅಂದರೆ ಅತ್ತಿಗೆಯನ್ನು ಕರೆಯಬೇಕು. ಕರೆದರೆ ಅವಳ ಮುಖ ನೋಡಬೇಕು. ನನ್ನ ಹಟದ ಅಡಿಯಲ್ಲಿ ಇದ್ದದ್ದು ಆ ಹೆದರಿಕೆ.

ಈಗ ಅವನಿಗೆ ಐದು ನಡೆಯುತ್ತಿದೆ. ಈ ವರ್ಷ ಯುಗಾದಿ ಕಳೆದ ಮೇಲೆ ಒಂದು ಭಾನುವಾರ, ಮನು ಹೊಸ ಚಡ್ಡಿ ಹಾಕಿಕೊಂಡು ಬೆಳಿಗ್ಗೆಯೇ ಮೆಟ್ಟಿಲ ಮೇಲೆ ಕೂತ. ತಿಂಡಿಗೆ ಕರೆದರೂ ಬರಲಿಲ್ಲ. ಅಂಗನವಾಡಿಯಲ್ಲಿ ಯಾರೋ ಜಡೆ ಎಳೆದು ಅಳಿಸಿದ್ದರಂತೆ. "ಮಾವ ಬರ್ಲಿ ಕಣಪ್ಪ, ಆಮೇಲೆ ತೆಗ್ಸೋಣ" ಅಂತ ನಾವೆಲ್ಲ ಅವನಿಗೆ ಮಾತು ಬಂದಾಗಿನಿಂದ ಹೇಳಿಕೊಂಡು ಬಂದಿದ್ದೇವಲ್ಲ, ಅದನ್ನೇ ನಂಬಿ ಮಾವನಿಗೆ ಕಾಯುತ್ತಿದ್ದಾನೆ. "ಯಾವ್ ಬಸ್ಸಲ್ ಬತ್ತಾರೆ ಅಮ್ಮ?" ಅಂದ. ನನಗೆ ನನ್ನ ಮೇಲೇ ಅಸಹ್ಯವಾಯಿತು. ನನ್ನ ಹೆದರಿಕೆಯನ್ನು ಈ ಮಗುವಿನ ತಲೆಯ ಮೇಲೆ ಹೊರಿಸಿ ನಾಲ್ಕು ವರ್ಷ ಬೆಳೆಸಿದ್ದೇನಲ್ಲ ಅನ್ನಿಸಿತು. ಮಾರನೇ ದಿನವೇ ಸೋಲೂರಿಗೆ ಹೋದೆ.

ನಿನ್ನ ಅಂಗಡಿ ಮುಚ್ಚಿಲ್ಲ, ಗೊತ್ತಾ? ನಾನು ಹೋದಾಗ ಅತ್ತಿಗೆ ಕನ್ನಡಕ ಹಾಕಿಕೊಂಡು ಮೋಟರಿಗೆ ತಾಮ್ರದ ತಂತಿ ಸುತ್ತುತ್ತಿದ್ದಳು. ಸುತ್ತು ತಪ್ಪುತ್ತದೆ ಅಂತ ತಲೆ ಎತ್ತಲಿಲ್ಲ. ನಿನ್ನ ಹಾಗೇ ಬಾಯಲ್ಲೇ ಎಣಿಸುತ್ತಿದ್ದಳು. ಮುಗಿಸಿ, ಕೈ ಒರೆಸಿಕೊಂಡು, "ಏನೇ, ದಾರಿ ತಪ್ತಾ?" ಅಂದಳು. ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತು ಹೋಯಿತು. "ಅವತ್ತು ಪಾಯ್ಸ..." ಅಂದೆ.

"ಸ್ಟವ್ ಆಫ್ ಆಗಿತ್ತು ಕಣೆ ಮಂಜಿ" ಅಂದಳು. "ಪಾಯ್ಸ ಇಳ್ಸಿ, ಮುಚ್ಚಿಟ್ಟಿದ್ರಿ. ಅದರ ಮುಂದೆ ನಿಂತ್ಕೊಂಡು ನಿಮ್ ಆರತಿ ಹಾಡು ಕೇಳ್ದೆ."

ನಾನು ಅಲ್ಲೇ ನಿನ್ನ ಸ್ಟೂಲಿನ ಮೇಲೆ ಕುಸಿದು ಅತ್ತುಬಿಟ್ಟೆ. ಅವಳು ಸಮಾಧಾನ ಮಾಡಲಿಲ್ಲ. ಅಳುವುದು ಮುಗಿಯಲಿ ಅಂತ ಕಾದಳು. ಆಮೇಲೆ, "ಹಲ್ಲಿನ ಮಾತು ನನ್ ಕಿವಿಗೂ ಬಿತ್ತು. ಸುಳ್ ಯಾಕೆ, ಒಂದೆರಡ್ ತಿಂಗ್ಳು ನಾನೂ ನಂಬಿದ್ದೆ. ಆ ಕೂಸಿನ ಮೇಲೆ ಸಿಟ್ಟು ಬತ್ತಿತ್ತು. ಒಂದಿನ ನಿಮ್ಮಣ್ಣನ ಶರ್ಟು ಒಗೆಯೋವಾಗ ನೆಪ್ಪಾಯ್ತು. ಎದೆ ನೋವು ಅಂತ ಅವ್ರು ಹೇಳ್ತಾ ಇದ್ದದ್ದು ಕೂಸು ಹುಟ್ಟೋಕ್ ಮುಂಚಿಂದ. ಗ್ಯಾಸ್ಟ್ರಿಕ್ಕು ಅಂತ ಸೋಡಾ ಕುಡ್ಕೊಂಡ್ ಓಡಾಡೋರು. ಹಲ್ಲೇನ್ ಮಾಡ್ತದೆ?" ಅಂದಳು.

ಆಗ ನಾನು ಕೇಳಿದೆ. "ಮುಡಿಗೆ ಮನು ನಿನ್ ತೊಡೆ ಮೇಲೇ ಕೂರ್ಬೇಕು ಅತ್ತಿಗೆ" ಅಂದೆ. ಅವಳು ಗಾಬರಿಯಾದಳು. "ತಲೆ ಕೆಟ್ಟಿದ್ದಾ ನಿಂಗೆ? ಮುಂಡೆ ಮಡ್ಲಲ್ಲಿ ಕೂರ್ಸಿ ಮುಡಿ ತೆಗ್ಸಿದ್ರು ಅಂತಾರೆ. ನಾಳೆ ಮಗೀಗೆ ಒಂದ್ ಜ್ವರ ಬಂದ್ರೂ ನನ್ ತಲೆ ಮೇಲ್ ಹಾಕ್ತಾರೆ."

"ಜ್ವರ ಬಂದ್ರೆ ಕ್ರೋಸಿನ್ ಹಾಕ್ತೀನಿ. ನೀನ್ ಬಾ" ಅಂದೆ. ಅವಳು ಬಸ್ ಸ್ಟ್ಯಾಂಡಿನವರೆಗೆ ಬಂದು ಕಡಲೆಕಾಯಿ ಕೊಡಿಸಿದಳು.

ಮನೆಯಲ್ಲಿ ದೊಡ್ಡ ರಾದ್ಧಾಂತವಾಗುತ್ತದೆ ಅಂದುಕೊಂಡಿದ್ದೆ. ನಮ್ಮನೆಯವರು "ನೀನು ಹಿಡಿದ ಮೇಲೆ ಬಿಡುವವಳಾ?" ಅಂದು ಫ್ಯಾಕ್ಟರಿಗೆ ರಜಾ ಬರೆದರು. ನಮ್ಮತ್ತೆ ಮಾತ್ರ ಮೂರು ದಿನ ನನ್ನ ಜೊತೆ ಮಾತು ಬಿಟ್ಟರು. "ನಾನ್ ಬರಾಕಿಲ್ಲ, ಏನಾರ ಮಾಡ್ಕೊಳಿ" ಅಂದವರು, ಹೊರಡುವ ದಿನ ಎಲ್ಲರಿಗಿಂತ ಮೊದಲು ಸೀರೆ ಉಟ್ಟು ಕೂತಿದ್ದರು. ಮೊಮ್ಮಗನ ಮುಡಿ, ಹೇಗೆ ಬಿಟ್ಟಾರು?

ದೊಡ್ಡಆಲಹಳ್ಳಿಯ ಹತ್ತಿರ ನಮ್ಮ ಮನೆದೇವರ ಗುಡಿಯಲ್ಲಿ ನಾವು ಹತ್ತು ಹನ್ನೆರಡು ಜನ. ಅತ್ತಿಗೆ ಬರುತ್ತಾಳೋ ಇಲ್ಲವೋ ಅಂತ ನಾನು ರಸ್ತೆಯನ್ನೇ ನೋಡುತ್ತಿದ್ದೆ. ಕನಕಪುರದ ಬಸ್ಸಿನಿಂದ ಇಳಿದಳು, ನೀಲಿ ಸೀರೆ, ಕೈಯಲ್ಲಿ ಹೊಸ ಬಟ್ಟೆಯ ಚೀಲ. ಕ್ಷೌರದವರು ಚಾಪೆ ಹಾಸಿ, ಕತ್ತಿ ಮಸೆದು, "ಸೋದರಮಾವ ಯಾರು, ಬಂದ್ ಕೂತ್ಕಳಿ ಸಾಮಿ" ಅಂದರು. ನಾನು ಅತ್ತಿಗೆಯ ಕೈ ಹಿಡಿದು ಕರೆತಂದು ಕೂರಿಸಿದೆ. ಕತ್ತಿ ಹಿಡಿದ ಕೈ ಹಾಗೇ ನಿಂತಿತು. ಅವರು ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು. ಅತ್ತಿಗೆ ಏಳುವುದಕ್ಕೆ ಕೈ ಊರಿದ್ದಳು. ಅಷ್ಟರಲ್ಲಿ ದೂರದ ಕಟ್ಟೆಯ ಮೇಲೆ ಮುಖ ತಿರುಗಿಸಿ ಕೂತಿದ್ದ ನಮ್ಮತ್ತೆ ಕೂಗಿದರು: "ರತ್ನಾ, ಮಗಾ ಅಲ್ಲಾಡ್ತಾನೆ, ತಲೆ ಗಟ್ಯಾಗ್ ಹಿಡ್ಕಳವ್ವಾ, ಕತ್ತಿ ತಾಕೀತು!"

ಅತ್ತಿಗೆ ಹಿಡಿದುಕೊಂಡಳು. ತಂತಿ ಸುತ್ತುವ ಕೈ, ಅಲುಗಲಿಲ್ಲ. ಮನು ಅವಳನ್ನು ಸರಿಯಾಗಿ ನೋಡಿದ್ದೇ ಅವತ್ತು. ಕತ್ತೆತ್ತಿ ಅವಳ ಮುಖ ದಿಟ್ಟಿಸಿದ, ಆಮೇಲೆ ಏನೋ ಸಮಾಧಾನವಾದವನಂತೆ ತಲೆ ಬಗ್ಗಿಸಿ ಕೊಟ್ಟ. ಒಂದು ಹನಿ ಅಳಲಿಲ್ಲ. ಆಚಾರಿ ಕಿವಿ ಚುಚ್ಚಿದಾಗ ಮಾತ್ರ ಊರು ಕೇಳುವ ಹಾಗೆ ಕಿರುಚಿದ. ತಲೆಗೆ ಗಂಧ ಮೆತ್ತಿದ ಮೇಲೆ ನೋಡಿದರೆ, ಕಿವಿ ಎರಡೂ ಥೇಟ್ ನಿನ್ನವು. ಇಷ್ಟು ದಿನ ಕೂದಲಲ್ಲಿ ಕಾಣಿಸಿರಲಿಲ್ಲ.

ಮೊನ್ನೆ ಸೋಮವಾರ ಅವನನ್ನು ಎಲ್‌ಕೆಜಿಗೆ ಸೇರಿಸಿದೆವು. ಮೊದಲ ದಿನ ಅಂತ ಅತ್ತಿಗೆ ಅಂಗಡಿಗೆ ರಜಾ ಹಾಕಿ ಹಿಂದಿನ ಸಂಜೆಯೇ ಬಂದಿದ್ದಳು. ಗೇಟಿನ ಹತ್ತಿರ ಮಕ್ಕಳೆಲ್ಲ ಗೋಳೋ ಅಂತ ಅಳುತ್ತಿದ್ದರೆ ಇವನು ಬೋಳು ತಲೆ ಸವರಿಕೊಳ್ಳುತ್ತಾ ಅತ್ತಿಗೆಯ ಬೆರಳು ಹಿಡಿದು ನಿಂತಿದ್ದ. ಮಿಸ್ಸು ಬಗ್ಗಿ, "ನಿನ್ನ ಜೊತೆ ಯಾರು ಬಂದಿದ್ದಾರೆ ಪುಟ್ಟಾ?" ಅಂತ ಕೇಳಿದರು. "ಇವ್ರು ನಮ್ ಮಾವ. ಮೋಟ್ರು ರಿಪೇರಿ ಮಾಡ್ತಾರೆ. ನನ್ ಮುಡಿ ತೆಗ್ಸಕ್ಕೆ ಬಂದಿದ್ರು" ಅಂದ.

ಮಿಸ್ಸು ನಗು ತಡೆದುಕೊಂಡು ನನ್ನ ಕಡೆ ನೋಡಿದರು. ಮಾವ ಅಲ್ಲ ಕಣೋ, ಅತ್ತೆ ಅಂತ ತಿದ್ದಲು ನಾನು ಬಾಯಿ ತೆರೆದೆ. ಅತ್ತಿಗೆ ನನ್ನ ಕೈ ಅದುಮಿದಳು.

"ಹೂಂ ಮಿಸ್," ಅಂದಳು, "ನಾನೇ ಅವ್ನ ಸೋದರಮಾವ."

ನಿನ್ನ ತಂಗಿ,
ಮಂಜಿ