ಮಾಕಳಿ ದುರ್ಗದಲ್ಲಿ ಹೇಳಿದ್ದು

ದೊಡ್ಡಬಳ್ಳಾಪುರ
೩೧-೧೨-೧೯೪೬

ಅಮ್ಮನ ಪಾದಗಳಿಗೆ ಗಂಗಲಕ್ಷ್ಮಿಯ ನಮಸ್ಕಾರ. ಇದನ್ನು ಓದಿ ಹೇಳುವ ಅಶ್ವತ್ಥಮ್ಮ ಅತ್ತಿಗೆಗೂ, ಜಗಲಿಯಲ್ಲಿ ಕೂತು ಕೇಳುವ ಅಪ್ಪ, ಅಣ್ಣನಿಗೂ ನಮಸ್ಕಾರ.

ನಾವು ಮಾಕಳಿ ದುರ್ಗಕ್ಕೆ ಹೋಗಿ ಬಂದೆವು. ನಿನ್ನ ಅಳಿಯ ಮೇಷ್ಟ್ರಿಗೆ ಕ್ರಿಸ್‌ಮಸ್ ರಜ. ಮಿಲಿಟರಿಯವರು ಹರಾಜು ಹಾಕಿದ ಡೇರೆಯೊಂದನ್ನು ಕೊಂಡು ತಂದಿದ್ದರಲ್ಲ, ಅದನ್ನು ಬೆಟ್ಟದಲ್ಲಿ ಹಾಕಿ ಎರಡು ರಾತ್ರಿ ಇರಬೇಕೆಂದು ಅವರಿಗೂ ಮೈದುನ ಚಿನ್ನಸ್ವಾಮಿಗೂ ಹುಚ್ಚು. "ನೀನೂ ಬಾರೆ, ನಿಂಗೂ ಗಾಳಿ ಬದಲಾಗ್ತದೆ" ಅಂದರು. ಗಾಳಿ ಬದಲಾಯಿತಮ್ಮ, ಕೆಲಸ ಬದಲಾಗಲಿಲ್ಲ.

ರೈಲಿಳಿದು ನಡೆದೆವು. ಡೇರೆ ಅವರ ಹೆಗಲಿಗೆ. ಹಿಟ್ಟಿನ ಗಂಟು, ನೀರಿನ ಬಿಂದಿಗೆ ನನಗೆ. ಬರೀ ಬಂಡೆ, ಲಂಟಾನದ ಪೊದೆ, ಕಾಲಿಟ್ಟಲ್ಲಿ ಜಾರುವ ಗರಸು. ಅರ್ಧ ಬೆಟ್ಟಕ್ಕೆ ಕೂತುಬಿಟ್ಟೆ. ಮೇಲೆ ದೇವರ ಗುಡಿ, ನಾನು ಹೊರಗಾದೆ ಎಂದೆ. ಅವರು ಮುಖ ಸಣ್ಣಗೆ ಮಾಡಿಕೊಂಡು, ಒಂದು ಬಂಡೆಯ ಮರೆಯಲ್ಲಿ ನನಗೆ ಕಂಬಳಿ ಹಾಕಿಕೊಟ್ಟು, ಡೇರೆಯನ್ನು ಅಷ್ಟು ದೂರದಲ್ಲಿ ಹೊಡೆದರು.

ಮಾರನೆಯ ದಿನ ಅಣ್ಣತಮ್ಮ ಇಬ್ಬರೇ ದುರ್ಗ ಹತ್ತಿ ಬಂದರು. ಮುದ್ದೆಯನ್ನೂ ಅವರೇ ತೊಳಸಿದರು, ಬರೀ ಗಂಟು. ಎಲೆಗೆ ಎತ್ತಿ ಹಾಕಿದ್ದನ್ನು ಸುಮ್ಮನೆ ನುಂಗಿದೆ. ಮನೆಯಲ್ಲಿ ಹೊರಗೆ ಕೂತರೂ ಕೊಟ್ಟಿಗೆ, ಸಗಣಿ ತಪ್ಪಿದ್ದಲ್ಲ. ಮದುವೆಯಾಗಿ ಆರು ವರ್ಷದಲ್ಲಿ ಹಗಲು ಹೊತ್ತು ಕಾಲು ಚಾಚಿ ಮಲಗಿದ್ದು ಅದೇ ಮೊದಲು. ಕೆಳಗೆ ರೈಲು ಹೋಗುವುದನ್ನು ನೋಡುತ್ತಾ ಅಳು ಬಂತು.

ಮನೆಗೆ ಬಂದ ಮಾರನೆಯ ದಿನ, ಹೊರಗಾದ ನಾಲ್ಕನೇ ದಿನಕ್ಕೆ, ನೀರು ಹಾಕಿಕೊಂಡೆ. "ಮೂರ್ ದಿನ ಕೂತಿದ್ದಾಯ್ತಲ್ಲ, ಇನ್ನು ಏಳವ್ವ" ಎಂದು ಅತ್ತೆ ಬಾವಿಯ ಹಗ್ಗ ಕೈಗೆ ಕೊಟ್ಟರು. ದಿನಕ್ಕೆ ಮೂವತ್ತು ಬಿಂದಿಗೆ. ಮೈ ಸೋತುಹೋಗಿದೆ. ನನ್ನನ್ನು ಎರಡು ತಿಂಗಳ ಮಟ್ಟಿಗೆ ತೂಬಗೆರೆಗೆ ಕರೆಸಿಕೋ ಅಮ್ಮ. ಈ ವಾರವೇ ಕರೆಸಿಕೋ.

ನಿನ್ನ ಮಗಳು,
ಗಂಗಲಕ್ಷ್ಮಿ

ತಾ.ಕ.: ಅತ್ತಿಗೆ, ಇಲ್ಲಿಂದ ಜೋರಾಗಿ ಓದಬೇಡಿ, ಅಮ್ಮನ ಕಿವಿಯಲ್ಲಿ ಹೇಳಿ.

ಅಮ್ಮ, ಬೆಟ್ಟದಲ್ಲಿ ನಾನು ಹೊರಗಾಗಲಿಲ್ಲ. ದಿನ ದಾಟಿ ತಿಂಗಳಾಗಿದೆ. ನನ್ನದು ಮೊದಲಿನಿಂದಲೂ ಏರುಪೇರಾದ್ದರಿಂದ ಅತ್ತೆಗೆ ಅನುಮಾನ ಬಂದಿರಲಿಲ್ಲ. ಹಿಂದಿನ ಎರಡು ಬಸಿರೂ ನೀರು ಹೊತ್ತೇ ಹೋದವು. ಬಿಂದಿಗೆ ಹೊತ್ತು ಆ ಬಂಡೆ ಹತ್ತಲು ಹೆದರಿ, ಬಾಯಿಗೆ ಬಂದ ಸುಳ್ಳು ಹೇಳಿಬಿಟ್ಟೆ. ಈಗ ನಿಜ ಹೇಳಿದರೆ ಅತ್ತೆ ನಂಬುವುದಿಲ್ಲ, ನಂಬಿದರೂ ದೇವರ ಬೆಟ್ಟದಲ್ಲಿ ಸುಳ್ಳಾಡಿದವಳೆಂದು ಮನೆಯಲ್ಲಿ ಬಾಳಗೊಡುವುದಿಲ್ಲ. ಹೇಳದಿದ್ದರೆ ಹಗ್ಗ ಬಿಡುವಂತಿಲ್ಲ. ನೀನು ಹಾಸಿಗೆ ಹಿಡಿದಿದ್ದೀಯೆಂದು ಅತ್ತಿಗೆಯ ಕೈಲಿ ಒಂದು ಕಾಗದ ಬರೆಸು. ನಾನೊಂದು ಸುಳ್ಳು ಹೇಳಿದ್ದೇನೆ, ನೀನೂ ಒಂದು ಹೇಳಮ್ಮ. ಇದಾದರೂ ಉಳಿಯಲಿ.